ಕುದುರೆಗೇ ಕಾಲ್ನೋವು ಬಂದ್ರೆ

ಕುದುರೆ ಕಂಡ್ರೆ ಕಾಲ್ನೋವು ಅಂತ ಗಾದೆ ಇದೆಯಲ್ಲ, ನಮ್ ಕಥೆ ಉಲ್ಟಾ, ನನ್ನ ಕಂಡ್ರೆ ಕುದುರೆಗೇ ಕಾಲ್ನೋವು ಶುರುವಾಗ್ತಿತ್ತು. ನಾನಂತೂ ಮೊದಲ ಒಂದು ತಿಂಗಳು ಹಂಗೇ ಅಂದ್ಕೊಂಡಿದ್ದೆ. ನನ್ನ ಕುದುರೆ ಬೆಳ್ಳಿ ರೇಸಿಂದ ರಿಟೈರ್ ಆಗಿ ಬಂದವಳು, ಕನಕಪುರ ರಸ್ತೆ ಕಡೆ ಒಂದು ಸಣ್ಣ ಲಾಯದಲ್ಲಿ ಇಟ್ಟಿದೀನಿ, ಅಲ್ಲಿ ಮರಳಿನ ಮೈದಾನದಲ್ಲಿ ಮಹಾರಾಣಿ ಥರ ಓಡಾಡ್ತಾಳೆ, ಆದ್ರೆ ಗೇಟ್ ದಾಟಿ ಕೆರೆ ಏರಿ ಕಡೆ ಹೋಗೋ ಜಲ್ಲಿ ರಸ್ತೆಗೆ ಕಾಲಿಟ್ರೆ ಸಾಕು, ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕ್ತೀವಲ್ಲ, ಥೇಟ್ ಆ ನಡಿಗೆ. ರಸ್ತೆ ಬಿಟ್ಟು ಅಂಚಿನ ಹುಲ್ಲಿಗೇ ಎಳೀತಾಳೆ. ಮೊಂಡುತನ ಅಂತ ನಾನು ಬೈದಿದ್ದೂ ಉಂಟು, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ.

ಡಾಕ್ಟ್ರು ಬಂದು ದೊಡ್ಡ ಇಕ್ಕಳದ ಥರ ಇರೋ ಹೂಫ್ ಟೆಸ್ಟರ್ ಇಟ್ಟು ಮುಂಗಾಲಿನ ಅಂಗಾಲು ಒತ್ತಿದ್ರೆ ಕಾಲು ಕಿತ್ಕೊಂಡ್ಲು, ಎರಡೂ ಕಾಲಲ್ಲೂ. ಎಕ್ಸ್‌ರೇ ತೆಗೆದ್ರು. ಗೊರಸಿನೊಳಗಿರೋ ಮೂಳೆಗೂ ನೆಲಕ್ಕೂ ನಡುವೆ ಇದ್ದ ಅಂಗಾಲು 8 ಮಿಲಿಮೀಟರ್ ಅಷ್ಟೇ, ಹೆಚ್ಚುಕಮ್ಮಿ 15 ಆದ್ರೂ ಇರ್ಬೇಕಂತೆ. ಥರೋಬ್ರೆಡ್ ಅಂತ ಇವಳ ರೇಸ್ ಕುದುರೆ ಜಾತಿಲೇ ಅಂಗಾಲು ತೆಳು, ಅದ್ರ ಮೇಲೆ ಇವಳು ಚಿಕ್ಕ ವಯಸ್ಸಿಂದ ಅಲ್ಯುಮಿನಿಯಂ ಲಾಳ ಹಾಕ್ಕೊಂಡು ಹದ ಮಾಡಿದ ನೆಲದಲ್ಲೇ ಓಡಿದವಳು, ಕಲ್ಲು ಅಂದ್ರೇನು ಅಂತಾನೇ ಗೊತ್ತಿಲ್ಲ ಪಾಪ.

ಲಾಳಕ್ಕೂ ಗೊರಸಿಗೂ ನಡುವೆ ಪ್ಯಾಡ್ ಹಾಕ್ಸೋಣ ಅಂದಿದ್ದು ನಮ್ಮ ಲಾಳ ಹೊಡೆಯೋ ಯಜಮಾನ್ರು. ನಾನು ಕೇಳಿದ್ದೇ ಮೊದಲ ಸಲ. ಊರಲ್ಲಿ ಎತ್ತಿಗೆ ಲಾಳ ಕಟ್ಟೋದು ನೋಡಿ ಬೆಳೆದವನು ನಾನು, ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲೂ ಸೇರಿಸಿ ಕಟ್ಟಿ, ಒಬ್ಬ ಕುತ್ತಿಗೆ ಮೇಲೆ ಕೂತು, ಅದೊಂದು ದೊಡ್ಡ ರಾದ್ಧಾಂತ. ಕುದುರೆ ನಿಂತ್ಕೊಂಡೇ ಹೊಡೆಸ್ಕೊಳತ್ತೆ. ಯಜಮಾನ್ರು ಗೊರಸನ್ನ ತೊಡೆ ಮಧ್ಯ ಇಟ್ಕೊಂಡು ಹಳೇ ಲಾಳ ಕಿತ್ರು, ಅರದಿಂದ ಅಂಚು ಸಮ ಮಾಡಿದ್ರು, ಅಂಗಾಲಿಗೆ ಮಾತ್ರ ಚಾಕು ಮುಟ್ಟಿಸ್ಲಿಲ್ಲ, ಇರೋದೇ ಇಷ್ಟು ಅದನ್ನೂ ಕೆರೀಲಾ ಅಂದ್ರು. ಆಮೇಲೆ ದಪ್ಪ ಚರ್ಮದ ಹಾಳೆ ಮೇಲೆ ಲಾಳ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದ್ರು. ಅಂಗಾಲಿಗೆ ಪೈನ್ ಟಾರ್ (ಪೈನ್ ಮರದಿಂದ ತೆಗೆಯೋ ಕಪ್ಪು ಅಂಟು) ಬಳಿದು, ಅದರಲ್ಲೇ ಅದ್ದಿದ ಸೆಣಬಿನ ನಾರನ್ನ ಫ್ರಾಗಿನ ಎರಡೂ ಪಕ್ಕ ಮೆತ್ತಿದ್ರು (ಫ್ರಾಗ್ ಅಂದ್ರೆ ಅಂಗಾಲ ಮಧ್ಯ ಇರೋ ವಿ ಆಕಾರದ ಮೆತ್ತನೆ ಭಾಗ, ಕಪ್ಪೆಗೂ ಅದಕ್ಕೂ ಏನ್ ಸಂಬಂಧವೋ). ನಾರು ಯಾಕೆ ಅಂದ್ರೆ ಪ್ಯಾಡಿಗೂ ಅಂಗಾಲಿಗೂ ನಡುವೆ ಖಾಲಿ ಜಾಗ ಇದ್ರೆ ಹಿಮ್ಮಡಿ ಕಡೆಯಿಂದ ಮಣ್ಣು, ಸಣ್ಣ ಕಲ್ಲು ನುಗ್ಗಿ ಒಳಗೇ ಕೂತ್ಬಿಡತ್ತೆ. ಅದ್ರ ಮೇಲೆ ಚರ್ಮ, ಅದ್ರ ಮೇಲೆ ಲಾಳ, ಪ್ಯಾಡಿನ ದಪ್ಪಕ್ಕೆ ತಕ್ಕ ಹಾಗೆ ಸ್ವಲ್ಪ ಉದ್ದನೇ ಮೊಳೆ. ಇಡೀ ಲಾಯ ಟಾರ್ ವಾಸನೆ.

ಮುಂಗಾಲು ಎರಡಕ್ಕೆ ಮಾತ್ರ ಹಾಕಿದ್ದು, ಭಾರ ಜಾಸ್ತಿ ಬೀಳೋದು ಅಲ್ಲೇ. ಸರಿ ಅಂತ ಜಲ್ಲಿ ರಸ್ತೆಗೆ ಕರ್ಕೊಂಡು ಹೋದೆ. ಮೊದಲ ನಾಲ್ಕು ಹೆಜ್ಜೆ ಅನುಮಾನದಲ್ಲೇ ಇಟ್ಲು, ಐದನೇದಕ್ಕೆ ತಲೆ ಕೆಳಗೆ ಬಿಟ್ಲು, ಆಮೇಲೆ ಕೆರೆ ಏರಿವರೆಗೂ ನಾನೇ ಅವಳ ಹಿಂದೆ ಓಡ್ಬೇಕಾಯ್ತು.

ಇಲ್ಲಿಗೇ ನಿಲ್ಸಿದ್ರೆ ಪ್ಯಾಡಿನ ಜಾಹೀರಾತು ಆಗೋಗತ್ತೆ. ಬೇಸಿಗೆ ಪೂರ್ತಿ ಚೆನ್ನಾಗಿತ್ತು, ಐದು ವಾರಕ್ಕೊಂದ್ಸಲ ಲಾಳ ಬದಲಾಯಿಸುವಾಗ ಹೊಸ ಪ್ಯಾಡ್, ಖರ್ಚು ಒಂದೂವರೆ ಪಟ್ಟು ಆದ್ರೂ ನಾನು ಖುಷಿಯಾಗಿದ್ದೆ. ಮಳೆಗಾಲ ಬಂತು, ಲಾಯದ ಮುಂದೆ ಕೆಸರು, ಲಾಳದವ್ರಿಗೆ ಬೇರೆ ಕೆಲಸ, ನಾನೂ ಆಫೀಸ್ ಗಲಾಟೇಲಿ ಇರ್ಲಿ ಬಿಡು ಅಂತ ಐದು ವಾರ ಇದ್ದಿದ್ದು ಎಂಟು ವಾರ ಆಯ್ತು. ಪ್ಯಾಡ್ ಇದ್ರೆ ಒಳಗೇನಾಗ್ತಿದೆ ಅಂತ ಕಾಣಲ್ಲ, ದಿನಾ ಅಂಗಾಲು ಕ್ಲೀನ್ ಮಾಡಿ ನೋಡೋದು ತಪ್ಪೋಗತ್ತೆ. ಆದ್ರೆ ವಾಸನೆ ಬರತ್ತೆ. ಒಂದಿನ ಕಾಲೆತ್ತಿದ್ರೆ ಸತ್ತ ಇಲಿ ಥರ ನಾತ. ಪ್ಯಾಡ್ ತೆಗೆಸಿ ನೋಡಿದ್ರೆ ಅಂಗಾಲು ನೆನೆದ ಅವಲಕ್ಕಿ ಥರ ಮೆತ್ತಗೆ, ಫ್ರಾಗಿನ ಸಂದಿಲಿ ಕಪ್ಪು ಕೀವಿನಂಥದ್ದು, ಜೊತೆಗೆ ಕಡಲೆಕಾಳು ಗಾತ್ರದ ಒಂದು ಕಲ್ಲು. ಥ್ರಷ್ ಅಂತಾರೆ ಆ ಕೊಳೆಯೋ ಸೋಂಕಿಗೆ. ಕಲ್ಲು ಚುಚ್ಚಬಾರ್ದು ಅಂತ ಹಾಕಿದ ಪ್ಯಾಡೊಳಗೇ ಕಲ್ಲು! ಯಜಮಾನ್ರು ನನ್ನ ಮುಖ ನೋಡಿದ್ರು, ಏನೂ ಅನ್ಲಿಲ್ಲ, ಅದೇ ಜಾಸ್ತಿ ಆಯ್ತು.

ಮೈಲುತುತ್ತದ ನೀರು, ಒಣ ಮರಳಿನ ಹಾಸು, ದಿನಾ ಎರಡು ಸಲ ಕಾಲು ತೊಳೆದು ಒರೆಸೋದು, ಮೂರು ವಾರ ಇದೇ ಸೇವೆ. ಅಷ್ಟು ದಿನ ಜಲ್ಲಿ ರಸ್ತೆ ಬಂದ್.

ಈಗ ನಾವು ಮಾಡ್ಕೊಂಡಿರೋ ವ್ಯವಸ್ಥೆ ಏನಪ್ಪಾ ಅಂದ್ರೆ ಮಳೆಗಾಲದಲ್ಲಿ ಅಂಚಿಗೆ ಮಾತ್ರ ಕೂರೋ ರಿಮ್ ಪ್ಯಾಡ್, ಅದು ಅಂಗಾಲನ್ನ ನೆಲದಿಂದ ಚೂರು ಎತ್ತಿ ಹಿಡಿಯತ್ತೆ, ಮಧ್ಯ ತೆರೆದೇ ಇರೋದ್ರಿಂದ ತೊಳೀಬಹುದು, ನೋಡ್ಬಹುದು. ಒಣಗಾಲದಲ್ಲಿ ಮಾತ್ರ ಪೂರ್ತಿ ಪ್ಯಾಡ್. ಪ್ಲಾಸ್ಟಿಕ್ಕಿಂದೂ ಒಂದ್ಸಲ ಹಾಕ್ಸಿದ್ವಿ, ನೀರು ಕುಡಿಯಲ್ಲ, ಬಾಳಿಕೆ ಜಾಸ್ತಿ, ಆದ್ರೂ ನನಗೆ ಚರ್ಮವೇ ಇಷ್ಟ, ಕಾರಣ ಕೇಳ್ಬೇಡಿ. ಯಾವ್ದೇ ಆದ್ರೂ ಪ್ಯಾಡ್ ಒತ್ತಿ ಒತ್ತಿ ತೆಳುವಾದ ಹಾಗೆ ಮೊಳೆ ಸಡಿಲ ಆಗತ್ತೆ, ಅದಕ್ಕೆ ನಡೆಯುವಾಗ ಟಕ್ ಟಕ್ ಜೊತೆ ಚರ್ ಅನ್ನೋ ಸದ್ದು ಸೇರ್ಕೊಂಡ್ರೆ ಆವತ್ತೇ ಫೋನ್ ಮಾಡ್ತೀನಿ.

ಹಾಂ, ಒಂದು ಮಾತು. ಗೊರಸು ಇದ್ದಕ್ಕಿದ್ದಂಗೆ ಬಿಸಿ ಆಗಿ, ಪಾದದ ಮೇಲಿನ ಗಂಟಿನ ಹತ್ರ ನಾಡಿ ಜೋರಾಗಿ ಹೊಡ್ಕೋತಿದ್ದು, ಕುದುರೆ ಭಾರನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ರೆ ಅದು ಲ್ಯಾಮಿನೈಟಿಸ್, ಅಂದ್ರೆ ಗೊರಸಿನೊಳಗಿನ ಉರಿಯೂತ ಇರ್ಬಹುದು, ಒಂದೇ ಕಾಲು ನೆಲಕ್ಕೆ ಊರಕ್ಕೇ ಆಗ್ತಿಲ್ಲ ಅಂದ್ರೆ ಒಳಗೆ ಕೀವು ಕಟ್ಟಿರ್ಬಹುದು. ಆಗ ಪ್ಯಾಡ್ ಗೀಡ್ ಅಂತ ಕೂರ್ಬೇಡಿ, ಡಾಕ್ಟ್ರನ್ನ ಕರೀರಿ.

ಗೊರಸಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಪುಡಿ ತಿನ್ನಿಸ್ತಿದೀನಿ, ಆದ್ರೆ ಗೊರಸು ತಿಂಗಳಿಗೆ ಬೆಳೆಯೋದೇ 1 ಸೆಂಟಿಮೀಟರಿಗೂ ಕಮ್ಮಿ, ಹೊಸ ಗೊರಸು ಮೇಲಿಂದ ಕೆಳಗೆ ಇಳಿಯಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಮೊನ್ನೆ ಮತ್ತೆ ಎಕ್ಸ್‌ರೇ ತೆಗೆಸಿದ್ವಿ, ಅಂಗಾಲು 11 ಮಿಲಿಮೀಟರ್ ಆಗಿದೆ. ಮುಂದಿನ ಶನಿವಾರ ಯಜಮಾನ್ರು ಬರ್ತಾರೆ, ಬರೀ ಲಾಳದಲ್ಲಿ ಒಂದು ಸುತ್ತು ಬಿಟ್ಟು ನೋಡೋಣ ಅಂತ ನಾನು, ಇನ್ನೊಂದು ಬೇಸಿಗೆ ಕಳೀಲಿ ಅಂತ ಅವ್ರು. ಬೆಳ್ಳಿ ಅಂತೂ ಈಗ್ಲೂ ಪ್ಯಾಡ್ ಹಾಕ್ಕೊಂಡೇ ಹುಲ್ಲಿನ ಅಂಚಿಗೆ ಎಳೀತಾಳೆ, ಆದ್ರೆ ಅದು ಕಾಲಿಗಲ್ಲ, ಬಾಯಿಗೆ.