ಅಪ್ಪನ ಮೂರು ಲಾಂಗ್ ನೋಟ್‌ಬುಕ್ಕು, ಇಬ್ಬರು ಬರಹಗಾರರು

ಅಪ್ಪ ಸಾಗರದ ಕಡೆ ಕೆಇಬಿಯಲ್ಲಿ, ಅಂದರೆ ಆಗಿನ ವಿದ್ಯುತ್ ಮಂಡಳಿಯಲ್ಲಿ, ಲೈನ್‌ಮ್ಯಾನ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮೂರು ಲಾಂಗ್ ನೋಟ್‌ಬುಕ್ ತುಂಬ ತಮ್ಮ ಕಥೆ ಬರೆದಿಟ್ಟಿದ್ದರು. ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಅದನ್ನು ಪುಸ್ತಕ ಮಾಡಿಸೋಣ ಎಂದುಕೊಂಡೆ. ನನ್ನ ಕನ್ನಡ ಆಫೀಸ್ ಈಮೇಲ್ ಬರೆದು ಬರೆದು ಸವೆದುಹೋಗಿದೆ. ಹಾಗಾಗಿ ದುಡ್ಡು ಕೊಟ್ಟು ಒಬ್ಬರನ್ನು ಹುಡುಕಿದೆ.

ಮೊದಲು ಸಿಕ್ಕ ಹುಡುಗ ಚುರುಕಾಗಿದ್ದ. ಹದಿನೈದು ದಿನದಲ್ಲಿ ಮೊದಲ ಅಧ್ಯಾಯ ಕಳಿಸಿದ. ಅಪ್ಪ ಬರೆದಿದ್ದು ಇಷ್ಟೇ: "ಮಳೆ ಬರುತ್ತಿತ್ತು. ಕಂಬ ಹತ್ತಿದೆ. ಜಂಪರ್ ಹಾಕಿದೆ. ಇಳಿದೆ." (ಜಂಪರ್ ಅಂದರೆ ಕಂಬದ ಮೇಲೆ ತಂತಿಗೆ ತಂತಿ ಕೂಡಿಸುವ ತುಂಡು ತಂತಿ.) ಅದು ಅವನ ಕೈಯಲ್ಲಿ "ಕಾರ್ಗತ್ತಲ ಒಡಲನ್ನು ಸೀಳುವ ಮಿಂಚಿನ ನಡುವೆ ಜೀವವನ್ನು ಅಂಗೈಯಲ್ಲಿ ಹಿಡಿದು" ಅಂತ ಶುರುವಾಗಿ ಒಂದೂವರೆ ಪುಟ ಆಗಿತ್ತು. ಅಪ್ಪ ಕನ್ನಡಕ ತೆಗೆದು, "ಇವನ್ಯಾರೇ, ಪಾಪ, ಇಷ್ಟು ಹೆದರಿದ್ದಾನೆ?" ಅಂದರು. ತಪ್ಪು ಅವನದಲ್ಲ. "ಚೆನ್ನಾಗಿ ಬರೆದುಕೊಡಿ" ಅಂದಿದ್ದು ನಾನೇ.

ಎರಡನೆಯವರು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಇದ್ದು, ಈಗ ಮನೆಯಿಂದಲೇ ಕೆಲಸ ಮಾಡುವ ಮೇಡಂ. ಫೋನಿನಲ್ಲಿ ಮೊದಲು ಕೇಳಿದ್ದೇ, "ಬರೀಬೇಕೋ, ತಿದ್ದಬೇಕೋ?" ನಾನು ತಡವರಿಸಿದೆ. "ಹತ್ತು ಪುಟ ಕಳ್ಸಿ. ಅದಕ್ಕೂ ದುಡ್ಡು ತಗೋತೀನಿ. ಆಮೇಲೆ ಇಬ್ರೂ ಯೋಚ್ನೆ ಮಾಡೋಣ" ಅಂದರು.

ಪದಕ್ಕಿಷ್ಟು ಅಂತ ರೇಟು ಹೇಳಿದ್ದಕ್ಕೆ ನಕ್ಕುಬಿಟ್ಟರು. "'ಹೋಗಬೇಕಾಗಿರಲಿಲ್ಲವಾದ್ದರಿಂದ' ಅನ್ನೋದು ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನವರು ಅದಕ್ಕೆ ಆರೇಳು ಪದದ ದುಡ್ಡು ಎಣಿಸ್ತಾರೆ. ನಾನ್ಯಾಕೆ ಸಂಧಿ ಮಾಡಿ ನಷ್ಟ ಮಾಡ್ಕೊಳ್ಳಲಿ?" ಕೊನೆಗೆ ಪುಟಕ್ಕೆ 80 ರೂಪಾಯಿ, ಅರ್ಧ ಮುಂಗಡ, ಉಳಿದರ್ಧ ಎರಡನೇ ಕರಡು ಮುಗಿದ ಮೇಲೆ. ಡಿಟಿಪಿಯವರು ನುಡಿ ತಂತ್ರಾಂಶದಲ್ಲಿ ಹೊಡೆದದ್ದನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವೊತ್ತುಗಳೆಲ್ಲ ದಿಕ್ಕಾಪಾಲಾಗಿದ್ದವು. ಅದನ್ನು ಸರಿ ಮಾಡಿದ್ದಕ್ಕೆ ಬೇರೆ ಬಿಲ್ಲು. ನ್ಯಾಯವೇ.

ಹತ್ತು ಪುಟ ವಾಪಸ್ ಬಂದಾಗ ಅಪ್ಪನ ವಾಕ್ಯಗಳು ಹಾಗೇ ಇದ್ದವು. ಟಿಸಿ (ಟ್ರಾನ್ಸ್‌ಫಾರ್ಮರ್), ಜಂಪರ್, ಎಲ್‌ಸಿ ಅನ್ನುವ ಲೈನ್‌ಮ್ಯಾನ್ ಮಾತುಗಳಲ್ಲಿ ಯಾವುದನ್ನೂ "ಶುದ್ಧ" ಮಾಡಿರಲಿಲ್ಲ. ಬದಲಿಗೆ ಅಂಚಿನ ತುಂಬ ಪ್ರಶ್ನೆಗಳು. ಒಂದು ಕಡೆ, "1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರಿಂದ ನಿಮ್ಮ ಕಡೆ ಮೆಸ್ಕಾಂ. ಕೊನೆಯ ಅಧ್ಯಾಯದವರೆಗೂ ಕೆಇಬಿ ಅಂತಲೇ ಇದೆಯಲ್ಲ?" ಅಂತ ಇತ್ತು. ಅಪ್ಪ ಪಟ್ಟು ಬಿಡಲಿಲ್ಲ. "ಕರೆಂಟ್ ಹೋದ್ರೆ ಜನ ಇವತ್ತಿಗೂ ಕೆಇಬಿಗೆ ಫೋನ್ ಮಾಡು ಅಂತಾರೆ." ಮೇಡಂ ಒಪ್ಪಿದರು. ಮುನ್ನುಡಿಯಲ್ಲಿ ಒಂದು ಸಾಲು ಸೇರಿಸಿ, ಉಳಿದದ್ದನ್ನು ಹಾಗೇ ಬಿಟ್ಟರು.

ಇನ್ನೊಂದು ಪ್ರಶ್ನೆ ಏಳನೇ ಪುಟದ್ದು. ಅಲ್ಲಿ ಅಪ್ಪ "ಎಲ್‌ಸಿ ತಗೊಂಡು ಕಂಬ ಹತ್ತಿದೆ" ಎಂದು ಬರೆದು ಮುಂದೆ ಹೋಗಿದ್ದರು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಸಬ್‌ಸ್ಟೇಷನ್ ಆಪರೇಟರ್ ಫೀಡರ್ (ಅಲ್ಲಿಂದ ಕರೆಂಟ್ ಹೊರಡುವ ಲೈನ್) ಆಫ್ ಮಾಡಿ, "ಲೈನಲ್ಲಿ ಕೆಲಸ ನಡೀತಿದೆ" ಅಂತ ಬೋರ್ಡು ತೂಗುಹಾಕಿ, ಫೋನಿನಲ್ಲಿ ಹೇಳುವ ಒಪ್ಪಿಗೆ. ಕೆಲಸ ಮುಗಿದು ಲೈನ್‌ಮ್ಯಾನ್ ಅದನ್ನು ವಾಪಸ್ ಕೊಡುವವರೆಗೂ ಆ ಕಡೆ ಯಾರೂ ಸ್ವಿಚ್ ಮುಟ್ಟುವ ಹಾಗಿಲ್ಲ. ಮೇಡಂ ಅಂಚಿನಲ್ಲಿ ಕೇಳಿದ್ದರು: "ಯಾರ ಹತ್ತಿರ ತಗೊಂಡ್ರಿ? ಅವರನ್ನು ನೋಡಿದ್ರಾ?"

ಅಪ್ಪ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ ಕಾಫಿ ಕುಡಿಯುತ್ತಾ ತಾವೇ ಶುರು ಮಾಡಿದರು. ಹದಿನೆಂಟು ವರ್ಷ ಒಬ್ಬನೇ ಆಪರೇಟರ್ ಅಂತೆ. ಮುಖ ನೋಡಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಯಾರದೋ ಮದುವೆಯಲ್ಲಿ. "ದನಿ ಮಾತ್ರ ಗೊತ್ತಿತ್ತು. ಅವನಿಗೆ ನೆಗಡಿ ಆದ ದಿನ ನಾನು ಎರಡೆರಡು ಸಲ ಕೇಳಿ ಆಮೇಲೆ ಕಂಬ ಹತ್ತುತಿದ್ದೆ." ನಲವತ್ತು ವರ್ಷದಲ್ಲಿ ಈ ಮಾತು ನಾನು ಕೇಳಿರಲೇ ಇಲ್ಲ. ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

ಪುಸ್ತಕ ಡೆಮಿ ಸೈಜಿನಲ್ಲಿ ಹದಿನಾರು ಪುಟದ ಒಂಬತ್ತು ಫಾರಂ, ಅಂದರೆ 144 ಪುಟಕ್ಕೆ ನಿಲ್ಲಬೇಕಿತ್ತು. ಈಗ ನಿಲ್ಲುವ ಲಕ್ಷಣವಿಲ್ಲ. ಅಂಚಿನ ಪ್ರಶ್ನೆಗಳಿಗೆ ಉತ್ತರ ಬರೆಯೋಕೆ ಅಪ್ಪ ನಾಲ್ಕನೇ ನೋಟ್‌ಬುಕ್ ತರಿಸಿಕೊಂಡಿದ್ದಾರೆ. ಆ ಪುಟಗಳಿಗೂ 80 ರೂಪಾಯಿಯೇ, ರಿಯಾಯಿತಿ ಇಲ್ಲ ಅಂತ ಮೇಡಂ ಮೊನ್ನೆಯೇ ಮೆಸೇಜ್ ಹಾಕಿದ್ದಾರೆ.