ಬಾಟಲಿಗೂ ಮೊದಲು ಬೆರಳು

ಕಳೆದ ಡಿಸೆಂಬರಿನಲ್ಲಿ ಅವ್ವ ಬೀಗರ ಮದುವೆಗೆಂದು ವಿಜಯಪುರಕ್ಕೆ ಹೋದಾಗ ಮೂರು ತಬ್ಬಲಿ ಮರಿಗಳನ್ನು ನನಗೆ ಒಪ್ಪಿಸಿ ಹೋಗಿದ್ದಳು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ದಡ್ಡಿಯಲ್ಲಿ (ಕುರಿ ಕೂಡುವ ಬೇಲಿಯೊಳಗೆ) ಇರುವ ಕುರಿಗಳೆಲ್ಲ ಇದೇ ಸೀಮೆಯ ಮಾಡಗ್ಯಾಳ ತಳಿಯವು, ಗಿಳಿಮೂಗಿನ, ಉದ್ದ ಕಾಲಿನ, ಬಿಳಿ ಮೈಮೇಲೆ ಕಂದು ಮಚ್ಚೆಯವು. ತಬ್ಬಲಿ ಎಂದರೆ ತಾಯಿ ಸತ್ತಿರಲೇಬೇಕೆಂದಿಲ್ಲ. ಒಂದರ ತಾಯಿ ಈಯುವಾಗ ಸತ್ತಿತ್ತು, ಇನ್ನೊಂದರ ತಾಯಿಗೆ ಕೆಚ್ಚಲು ಬಾವು ಬಂದಿತ್ತು, ಮೂರನೆಯದು ಅವಳಿಯಲ್ಲಿ ಚಿಕ್ಕದಾಗಿದ್ದು ತಾಯಿಯೇ ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಔಷಧದ ಅಂಗಡಿಯಿಂದ ತಂದ ಕೂಸಿನ ಬಾಟಲಿಯ ನಿಪ್ಪಲ್ಲಿಗೆ ತೂತು ಬಹಳ ಸಣ್ಣದು; ಒಂದೊಂದು ಮರಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಉಳಿದ ಕುರಿಗಳನ್ನು ಮೇಯಲು ಬಿಡುವ ಅವಸರದಲ್ಲಿ ನಾನು ದಬ್ಬಣವನ್ನು ಕಾಯಿಸಿ ಆ ತೂತನ್ನು ಅಗಲ ಮಾಡಿದೆ. ಮೊದಲ ದಿನ ಎಲ್ಲವೂ ಬೇಗ ಮುಗಿದಾಗ ಒಳ್ಳೆಯ ಉಪಾಯ ಕಂಡುಕೊಂಡೆನೆಂದು ನಂಬಿದ್ದೆ.

ಎರಡನೆಯ ದಿನ ನಸುಕಿನಲ್ಲಿ ಹೋಗಿ ನೋಡಿದರೆ ಚಿಕ್ಕ ಮರಿ ಬುಟ್ಟಿಯಡಿಯಿಂದ ನುಸುಳಿಕೊಂಡು ಬಂದು ಬೇಲಿಯ ಬುಡದಲ್ಲಿ ಕಾಲು ಚಾಚಿ ಮಲಗಿತ್ತು. ಅದು ಹಸಿವಿನಿಂದ ಸೋತಿದೆ ಎಂದೇ ನಾನು ಎಣಿಸಿದೆ. ಹಾಲು ಬೆಚ್ಚಗೆ ಮಾಡಿ, ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಗದ್ದವನ್ನು ಮೇಲೆತ್ತಿ ಹಿಡಿದು ನಿಪ್ಪಲ್ಲನ್ನು ಬಾಯಿಗಿಟ್ಟೆ. ಅದು ಚೀಪಲಿಲ್ಲ. ಚೀಪದೆ ಇದ್ದರೂ ಬಾಟಲಿಯ ಹಾಲು ಇಳಿಯುತ್ತಲೇ ಇದ್ದುದನ್ನು ಕಂಡು, ಕುಡಿಯುತ್ತಿದೆ ಎಂದು ಸಮಾಧಾನಪಟ್ಟೆ. ಆ ಸಮಾಧಾನವೇ ನನ್ನ ತಪ್ಪು. ಸ್ವಲ್ಪ ಹೊತ್ತಿಗೆ ಮೂಗಿನಿಂದ ಹಾಲು ನೊರೆಯಾಗಿ ಬಂದಿತು, ಎದೆಯೊಳಗೆ ಗೊರಗೊರ ಸದ್ದಾಯಿತು. ಹಿಂಗಾಲು ಹಿಡಿದು ತಲೆ ಕೆಳಗೆ ಮಾಡಿದೆ, ಬಾಯಿ ಒರೆಸಿದೆ, ಕಂಬಳಿಯಲ್ಲಿ ಪಕ್ಕೆಗಳನ್ನು ತಿಕ್ಕಿದೆ. ಉಸಿರು ನಿಂತಂತಾಗಿ ಮತ್ತೆ ಬಂದಾಗ ಗೆದ್ದೆನೆಂದುಕೊಂಡೆ.

ಎಂಟು ಗಂಟೆಯ ಬಸ್ಸಿಗೆ ಬಂದಿಳಿದ ಅವ್ವ, ಕೈಚೀಲ ಕೆಳಗಿಡುವ ಮೊದಲೇ ಮರಿಯ ಬಾಯಿಗೆ ಬೆರಳಿಟ್ಟು, “ಬಾಯಿ ಇಷ್ಟ ಥಣ್ಣಗ ಐತಿ, ಹೆಂಗರ ಹಾಲ ಹಾಕಿದ್ಯೋ ತಮ್ಮಾ?” ಎಂದಳು. ಮೂರನೆಯ ದಿನ ಮರಿ ಸತ್ತಿತು.

ಪಶುವೈದ್ಯರು ಬಳಿಕ ವಿವರಿಸಿದ್ದನ್ನು ನಾನು ಕುರಿಗಳು ಈಯುವ ಕಾಲಕ್ಕೆ ಮುಂಚೆಯೇ ಕೇಳಿ ತಿಳಿದುಕೊಳ್ಳಬೇಕಿತ್ತು. ಆರೋಗ್ಯವಂತ ಮರಿಯ ಮೈಶಾಖ 39ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 37ಕ್ಕಿಂತ ಕೆಳಗಿಳಿದರೆ ಚೀಪುವ, ನುಂಗುವ ಶಕ್ತಿ ಕುಂದಿ, ಬಾಯಿಗೆ ಹನಿಸಿದ ಹಾಲು ಪುಪ್ಪುಸಕ್ಕೆ ಹೋಗುವ ಅಪಾಯವಿದೆ. ಆದ್ದರಿಂದ ಮೊದಲು ಕಾವು, ಆಮೇಲೆ ಹಾಲು. ಆದರೆ ಹುಟ್ಟಿ ಐದು ಗಂಟೆ ಮೀರಿದ್ದು, ಹೊಟ್ಟೆ ಖಾಲಿಯಿದ್ದು, ತಲೆಯೆತ್ತಲಾರದ ಮರಿಯನ್ನು ಕಾಯಿಸುವ ಮೊದಲು ವೈದ್ಯರಿಂದ ಗ್ಲೂಕೋಸ್ ಕೊಡಿಸಬೇಕು, ಇಲ್ಲವಾದರೆ ಸೆಳೆತ ಬಂದು ಸಾಯಬಹುದು. ನಮ್ಮ ಮರಿ ಸೋತು ಮಲಗಿದ ದಿನ ಭಾನುವಾರವಾದ್ದರಿಂದ ಹತ್ತಿರದ ಪಶು ದವಾಖಾನೆ ಮುಚ್ಚಿತ್ತು. ಕುರಿಗಳು ವಾರ ನೋಡಿ ಈಯುವುದಿಲ್ಲ ಎಂಬ ಮಾತನ್ನು ಎಷ್ಟು ಅರ್ಜಿಗಳಲ್ಲಿ ಬರೆಯಬೇಕೋ ತಿಳಿಯದು. ಮನೆಯಲ್ಲಿಯೂ ಹಾಗೆಯೇ: ಜಾತ್ರೆಗೆ ಟಗರಿನ ಕೊರಳಪಟ್ಟಿಗೆ ಹಣ ಹೊಂದುತ್ತದೆ, ಥರ್ಮಾಮೀಟರಿಗೆ ಎರಡು ವರ್ಷದಿಂದ ಹೊಂದಿರಲಿಲ್ಲ. ಅಣ್ಣನಿಗೆ ಇದನ್ನು ಎದುರಿಗೇ ಹೇಳಿದ್ದೇನೆ.

ಈಗ ಥರ್ಮಾಮೀಟರು ದಡ್ಡಿಯ ಕಂಬಕ್ಕೆ ಕಟ್ಟಿದೆ. ನಿಪ್ಪಲ್ಲಿನ ತೂತು ಬಾಟಲಿ ಬೋರಲು ಹಾಕಿದರೆ ಹಾಲು ತಾನಾಗಿ ಸುರಿಯದಷ್ಟು ಸಣ್ಣದು. ಮರಿಯನ್ನು ನಿಲ್ಲಿಸಿಯೇ, ಕತ್ತು ತೀರ ಮೇಲೆತ್ತದೆ ಕುಡಿಸುತ್ತೇವೆ. ಒಂದು ಹೊತ್ತಿಗೆ ಕೆ.ಜಿ. ತೂಕಕ್ಕೆ 50 ಮಿ.ಲೀ. ಮೀರುವುದಿಲ್ಲ, ಮೊದಲ ದಿನಗಳಲ್ಲಿ ರಾತ್ರಿಯೂ ಎದ್ದು ಕುಡಿಸುತ್ತೇವೆ. ಹೆಚ್ಚು ಹಾಲಿರುವ ಕುರಿಯ ಗಿಣ್ಣನ್ನು ಸಣ್ಣ ಬಾಟಲಿಗಳಲ್ಲಿ ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಇಟ್ಟಿರುತ್ತೇವೆ. ಕುದಿನೀರಿನಲ್ಲಿ ಕರಗಿಸಿದರೆ ಅದು ಒಡೆದು ಕೆಡುತ್ತದೆಯಾದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿಯೇ ಕರಗಿಸುತ್ತೇವೆ. ಹುಟ್ಟಿದ ಆರು ಗಂಟೆಯೊಳಗೆ ಗಿಣ್ಣು ಹೊಟ್ಟೆ ಸೇರಬೇಕು ಎಂಬಲ್ಲಿ ಅವ್ವನಿಗೂ ವೈದ್ಯರಿಗೂ ಒಂದೇ ಮಾತು.

ಅಣ್ಣನ ಲೆಕ್ಕದ ವಹಿಯಲ್ಲಿ ಆ ಮರಿಯ ಮುಂದೆ “ಚಳಿಗೆ ಸತ್ತಿತು” ಎಂದಿತ್ತು. ಅದನ್ನು ಹೊಡೆದುಹಾಕಿ “ಹಾಲು ಪುಪ್ಪುಸಕ್ಕೆ ಹೋಗಿ ಸತ್ತಿತು” ಎಂದು ನನ್ನ ಕೈಯಿಂದಲೇ ಬರೆದಿದ್ದೇನೆ.