ಅಂಗೈಯಷ್ಟು ಸೋರಿಯಾಸಿಸ್

ಚರ್ಮದ ಮೇಲೆ ಹೊಟ್ಟೇಳುವ ಮಚ್ಚೆಗಳನ್ನು ಮೂಡಿಸುವ ಕಾಯಿಲೆಯಾದ ಸೋರಿಯಾಸಿಸ್ ಮೈಮೇಲೆ ಎಷ್ಟು ಹರಡಿದೆ ಎಂದು ಅಂದಾಜು ಮಾಡಲು ವೈದ್ಯರು ರೋಗಿಯ ಅಂಗೈಯನ್ನೇ ಅಳತೆಗೋಲಾಗಿ ಬಳಸುತ್ತಾರೆ. ಬೆರಳುಗಳೂ ಸೇರಿದಂತೆ ಒಂದು ಅಂಗೈ ಎಂದರೆ ಮೈಚರ್ಮದ ಸುಮಾರು ಶೇ. 1, ಮಚ್ಚೆಗಳ ಒಟ್ಟು ವಿಸ್ತಾರ ಶೇ. 3ಕ್ಕಿಂತ ಕಡಿಮೆಯಿದ್ದರೆ ಸೌಮ್ಯ, ಶೇ. 10ನ್ನು ಮೀರಿದರೆ ತೀವ್ರ. ಈ ಲೆಕ್ಕದಲ್ಲಿ ಬೆನ್ನು, ಕಾಲುಗಳ ತುಂಬ ಮಚ್ಚೆಗಳಿರುವ ನನ್ನದು ದೊಡ್ಡ ಕಾಯಿಲೆ, ಎರಡು ಅಂಗೈಗಳಲ್ಲಷ್ಟೇ ಇರುವ ನನ್ನ ಸೋದರತ್ತೆಯದು ಸಣ್ಣದು. ಆದರೆ ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುವ ನನ್ನ ಮಚ್ಚೆಗಳನ್ನು ಬಟ್ಟೆ ಮುಚ್ಚುತ್ತದೆ; ಗುಳೇದಗುಡ್ಡದಲ್ಲಿರುವ ಅತ್ತೆಯ ಬದುಕೆಲ್ಲ ಅಂಗೈಯಲ್ಲೇ ಇದೆ.

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ, ಬಿಸಿ ಆರುವ ಮೊದಲೇ ನಾದಿ, ಅಂಗೈಯಿಂದ ಬಡಿದರೆ ಮಾತ್ರ ರೊಟ್ಟಿ. ಚಳಿಗಾಲದ ಒಣಹವೆಗೆ ಸೀಳಿ ರಕ್ತ ಜಿನುಗುವ ಕೈಗೆ ಆ ಬಿಸಿಯನ್ನು ತಡೆಯುವುದು ಕಷ್ಟ. ಖಣದ ಮಗ್ಗಕ್ಕೆ ನೂಲು ಸುತ್ತಲು ಕುಳಿತರೆ ಒರಟಾದ ಚರ್ಮಕ್ಕೆ ಎಳೆ ಸಿಕ್ಕಿಕೊಳ್ಳುತ್ತದೆ. ಇದನ್ನೆಲ್ಲ ಆಕೆ ಹಲ್ಲು ಕಚ್ಚಿ ಸಹಿಸಿದ್ದಳು. ಒಮ್ಮೆ ಊಟಕ್ಕೆ ಕುಳಿತ ನೆಂಟರೊಬ್ಬರು ಆಕೆಯ ಕೈ ನೋಡಿ, "ಇದು ಮಂದಿಗೆ ಹತ್ತತೈತೇನವ್ವಾ?" ಎಂದು ಕೇಳಿದ ಮೇಲೆ, ಬಂದವರಿಗೆ ಬಡಿಸುವುದನ್ನೇ ಬಿಟ್ಟುಬಿಟ್ಟಳು.

ಇದು ಯಾರಿಗೂ ಹತ್ತುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಸುಮಾರು ಒಂದು ತಿಂಗಳಲ್ಲಿ ಮೇಲೆ ಬರಬೇಕಾದ ಚರ್ಮಕೋಶಗಳು ಕೆಲವೇ ದಿನಗಳಲ್ಲಿ ಮೇಲೆ ಬಂದು ಹೊಟ್ಟಾಗಿ ಉದುರುತ್ತವೆ. ಇದು ಸಾಂಕ್ರಾಮಿಕವಲ್ಲದ, ಆದರೆ ನೋವು ಕೊಡುವ, ಕೆಲಸಕ್ಕೆ ಅಡ್ಡಿಯಾಗುವ ದೀರ್ಘಕಾಲೀನ ಕಾಯಿಲೆ ಎಂದು ವಿಶ್ವ ಆರೋಗ್ಯ ಸಭೆ 2014ರಲ್ಲೇ ನಿರ್ಣಯ ಮಾಡಿದೆ. ಆ ಮಾತು ನಮ್ಮ ಪಡಸಾಲೆಗಳನ್ನು ಇನ್ನೂ ಮುಟ್ಟದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಕನ್ಯೆ ನೋಡಲು ಬಂದವರ ಮುಂದೆ ಮೊಣಕೈ ಮುಚ್ಚಿಕೊಂಡು ಕೂರುವ ಹುಡುಗಿಯರ ಸಂಕಟ ಇನ್ನೂ ದೊಡ್ಡದು. ರಾತ್ರಿ ನಿದ್ದೆಗೆಡಿಸುವ ತುರಿಕೆ, ಕೆಲವರನ್ನು ಕಾಡುವ ಕೀಲುನೋವು, ಮನಸ್ಸಿನ ಖಿನ್ನತೆ, ದಿನವೂ ಮುಲಾಮು ಹಚ್ಚುವ ಬೇಸರ ಮತ್ತು ಖರ್ಚು, ಇವು ಯಾವುವೂ ಶೇಕಡಾ ಲೆಕ್ಕದಲ್ಲಿ ಕಾಣುವುದಿಲ್ಲ.

ಇವನ್ನು ಕೇಳಿ ತಿಳಿಯಲೆಂದೇ ಬ್ರಿಟನ್ನಿನ ಕಾರ್ಡಿಫ್‌ನ ಚರ್ಮವೈದ್ಯರು 1994ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಕಳೆದ ಒಂದು ವಾರದ ತುರಿಕೆ, ಮುಜುಗರ, ಮನೆಗೆಲಸ, ಉಡುಪು, ನಂಟು, ದುಡಿಮೆ, ದಾಂಪತ್ಯ ಮೊದಲಾದವುಗಳ ಬಗ್ಗೆ ಅದರಲ್ಲಿ ಹತ್ತು ಪ್ರಶ್ನೆಗಳಿವೆ. ಒಟ್ಟು ಅಂಕ 30; ರೋಗಿಯ ಅಂಕ 10ನ್ನು ದಾಟಿದರೆ ಕಾಯಿಲೆ ಬದುಕನ್ನು ಬಹಳವಾಗಿ ಬಾಧಿಸಿದೆ ಎಂದರ್ಥ. ಆ ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಅತ್ತೆಗೆ ಓದಿ ಹೇಳಿದೆ. ಮನೆಗೆಲಸದ ಪ್ರಶ್ನೆಗೆ ಬಂದಾಗ ಆಕೆ ಬಹಳ ಹೊತ್ತು ಮಾತಾಡಿದಳು. ಆಕೆಯ ಅಂಕ ನನ್ನದಕ್ಕಿಂತ ಎಷ್ಟೋ ಮೇಲಿತ್ತು.

ಅಂಗೈ, ಅಂಗಾಲು, ಮುಖ, ನೆತ್ತಿ, ಉಗುರು, ಜನನಾಂಗದಂಥ ಜಾಗಗಳಲ್ಲಿ ಮಚ್ಚೆ ಚಿಕ್ಕದಿದ್ದರೂ ಮುಲಾಮಿಗೇ ನಿಲ್ಲದೆ ಮುಂದಿನ ಚಿಕಿತ್ಸೆಯನ್ನು ಯೋಚಿಸಬೇಕೆಂಬುದನ್ನು ಚರ್ಮತಜ್ಞರು ಈಗ ಒಪ್ಪುತ್ತಾರೆ. ಹಾಗಾಗಿ ಮುಂದಿನ ಭೇಟಿಯಲ್ಲಿ ಅತ್ತೆ ಕೈಯನ್ನಷ್ಟೇ ತೋರಿಸದೆ ರೊಟ್ಟಿಯ ವಿಷಯ, ನೂಲಿನ ವಿಷಯ, ನೆಂಟರು ಕೇಳಿದ ಮಾತು, ಎಲ್ಲವನ್ನೂ ವೈದ್ಯರಿಗೆ ಹೇಳಿದಳು. ಅವರು ರಕ್ತಪರೀಕ್ಷೆ ಮಾಡಿಸಿ, ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ, ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ಆರಂಭಿಸಿದ್ದಾರೆ.